ಮ್ಯಾಂಚೆಸ್ಟರಿನ ಮೇಯರ್ ಮತ್ತು ನಾನು ಮಾಡದೆ ಬಿಟ್ಟ ಪಾಠ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತ್ತು. "ಸರ್, ಎಂಟನೆಯ ತರಗತಿಯ ಪೌರನೀತಿ ಪಾಠದಲ್ಲಿ ತಾವು ‘ಮೇಯರ್ ನಗರದ ಪ್ರಥಮ ಪ್ರಜೆ’ ಎಂದು ಬರೆಸಿದಿರಿ. ಅವರ ಕೆಲಸವೇನು ಎಂದು ನಾನು ಕೇಳಿದೆ. ಮುಂದಿನ ಪಾಠದಲ್ಲಿ ಬರುತ್ತದೆ ಎಂದಿರಿ. ಆ ಪಾಠ ಬರಲೇ ಇಲ್ಲ." ಹುಡುಗನ ನೆನಪಿನ ಶಕ್ತಿ ಮೆಚ್ಚತಕ್ಕದ್ದು. ಪುಸ್ತಕದಲ್ಲಿ ಅಂಥ ಪಾಠವಿರಲಿಲ್ಲ. ನನಗೂ ಉತ್ತರ ತಿಳಿದಿರಲಿಲ್ಲ. ಆ ಹಳೆಯ ಸಾಲವನ್ನು ಇಂದು ತೀರಿಸಲು ಯತ್ನಿಸುವೆ.

ಉತ್ತರ ನನಗೆ ದೊರೆತದ್ದು ಇಂಗ್ಲೆಂಡಿನ ಒಂದು ಬಸ್ ನಿಲ್ದಾಣದಲ್ಲಿ. ನನ್ನ ಮಗಳು ಮ್ಯಾಂಚೆಸ್ಟರ್ ಬಳಿಯ ಸ್ಟಾಕ್‌ಪೋರ್ಟಿನಲ್ಲಿ ನೆಲೆಸಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಾಳೆ. 2018ರಲ್ಲಿ ನಾವು ದಂಪತಿಗಳು ಅಲ್ಲಿದ್ದಾಗ, ಅವಳು ಮನೆಗೆ ಮರಳುತ್ತಿದ್ದ ರಾತ್ರಿಯ ಬಸ್ಸನ್ನು ಅದನ್ನು ಓಡಿಸುತ್ತಿದ್ದ ಖಾಸಗಿ ಕಂಪನಿ ಲಾಭವಿಲ್ಲವೆಂದು ನಿಲ್ಲಿಸಿಬಿಟ್ಟಿತು. ಚಳಿಗಾಲದ ಕತ್ತಲಲ್ಲಿ ಒಂದೂವರೆ ಮೈಲಿ ನಡೆದು ಬರುವ ಮಗಳನ್ನು ಕಿಟಕಿಯ ಬಳಿ ನಿಂತು ಕಾಯುತ್ತಿದ್ದ ನನ್ನವಳ ಮುಖ ಇಂದಿಗೂ ಕಣ್ಣಮುಂದಿದೆ. ಅಳಿಯಂದಿರು ಪತ್ರ ಬರೆದರು. ಕಂಪನಿ ಲೆಕ್ಕಪತ್ರ ತೋರಿಸಿತು. ಕಚೇರಿಯವರು ಅದು ಕಂಪನಿಯ ವಿಚಾರ ಎಂದರು. ನಮ್ಮ ಊರಿನ ಕಚೇರಿಗಳ ನೆನಪಾಗಿ ನನಗೆ ತುಸು ಸಮಾಧಾನವೂ ಆಯಿತೆಂದರೆ ತಪ್ಪು ತಿಳಿಯಬೇಡಿ.

ಈ ಅವಸ್ಥೆಗೆ ಮೂಲ 1986. ಮ್ಯಾಂಚೆಸ್ಟರ್, ಸಾಲ್ಫರ್ಡ್, ಬೋಲ್ಟನ್, ಸ್ಟಾಕ್‌ಪೋರ್ಟ್ ಮೊದಲಾದ ಹತ್ತು ಪುರಸಭೆಗಳಿಗೆ ಮೇಲಾಗಿ 1974ರಿಂದ ಇದ್ದ ಪ್ರಾಂತೀಯ ಕೌನ್ಸಿಲನ್ನು ಥ್ಯಾಚರ್ ಸರ್ಕಾರ ಆ ವರ್ಷ ರದ್ದುಗೊಳಿಸಿತು. ಅದೇ ವರ್ಷ ಲಂಡನ್ನಿನ ಹೊರಗಿನ ಬಸ್ಸುಗಳನ್ನು ಮಾರುಕಟ್ಟೆಗೆ ಒಪ್ಪಿಸಿತು. ಯಾವ ಮಾರ್ಗ, ಎಷ್ಟು ಹೊತ್ತಿಗೆ, ಎಷ್ಟು ದರ ಎಂಬುದೆಲ್ಲ ಕಂಪನಿಯ ಇಚ್ಛೆ. ಒಂದು ಕಂಪನಿಯ ಟಿಕೆಟ್ ಇನ್ನೊಂದರ ಬಸ್ಸಿನಲ್ಲಿ ನಡೆಯದು.

2011ರಲ್ಲಿ ಹತ್ತೂ ಪುರಸಭೆಗಳು ಸೇರಿ ಒಂದು ಸಂಯುಕ್ತ ಪ್ರಾಧಿಕಾರವನ್ನು ಕಟ್ಟಿಕೊಂಡವು. 2014ರಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಅಧಿಕಾರ, ಅನುದಾನಗಳನ್ನು ಕೊಡಲು ಒಪ್ಪಿದರು. ಆದರೆ ಜನರೇ ನೇರವಾಗಿ ಆರಿಸಿದ ಮೇಯರ್ ಇರಬೇಕೆಂಬುದು ಷರತ್ತು. ಸ್ವಾರಸ್ಯವೇನೆಂದರೆ, ಮ್ಯಾಂಚೆಸ್ಟರ್ ನಗರದ ಮತದಾರರು ಕೇವಲ ಎರಡು ವರ್ಷಗಳ ಹಿಂದೆ, 2012ರ ಜನಮತಗಣನೆಯಲ್ಲಿ, ತಮ್ಮ ನಗರಕ್ಕೆ ಅಂಥ ಮೇಯರ್ ಬೇಡವೆಂದಿದ್ದರು! ಈ ಸಲ ಅವರನ್ನು ಯಾರೂ ಕೇಳಲಿಲ್ಲ. 2017ರ ಮೇ ತಿಂಗಳ ಮೊದಲ ಚುನಾವಣೆಯಲ್ಲಿ ಆ್ಯಂಡಿ ಬರ್ನ್‌ಹ್ಯಾಮ್ ಶೇಕಡಾ 63ರಷ್ಟು ಮತ ಪಡೆದು ಗೆದ್ದರು. ಮತ ಹಾಕಿದವರು ಮಾತ್ರ ನೂರಕ್ಕೆ 29 ಮಂದಿ. ಮುಂದೆ 2021 ಮತ್ತು 2024ರಲ್ಲಿಯೂ ಅವರೇ ಆರಿಸಿ ಬಂದರು.

ಹಾಗಾದರೆ ಆ ಮೇಯರ್ ಮಾಡುವುದೇನು? ಪೊಲೀಸ್ ಆಯವ್ಯಯ, ಮುಖ್ಯ ಅಧಿಕಾರಿಯ ನೇಮಕ, ಅಗ್ನಿಶಾಮಕ ದಳ, ಸಾರಿಗೆ, ವಸತಿಯ ಹಣ, ಮನೆತೆರಿಗೆಯ ಮೇಲೆ ಒಂದು ಪಾಲು. ಇವುಗಳಲ್ಲಿ ನನಗೆ ಮುಖ್ಯವಾದದ್ದು ಸಹಜವಾಗಿಯೇ ಬಸ್ಸು. 2017ರ ಶಾಸನವೊಂದು ಇಂಥ ಮೇಯರ್‌ಗಳಿಗೆ ಬಸ್ಸುಗಳನ್ನು ಮತ್ತೆ ಸಾರ್ವಜನಿಕ ಹಿಡಿತಕ್ಕೆ ತರುವ ಅಧಿಕಾರ ನೀಡಿತು. ಬರ್ನ್‌ಹ್ಯಾಮ್ 2021ರ ಮಾರ್ಚಿಯಲ್ಲಿ ಆ ನಿರ್ಧಾರ ಕೈಗೊಂಡರು. ಎರಡು ಕಂಪನಿಗಳು ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ಸೋತವು. 2023ರ ಸೆಪ್ಟೆಂಬರಿನಲ್ಲಿ ಬೋಲ್ಟನ್, ವಿಗನ್ ಕಡೆಗಳಲ್ಲಿ ಆರಂಭವಾದ ಹಳದಿ ಬಣ್ಣದ ಬಸ್ಸುಗಳು 2025ರ ಜನವರಿಯಲ್ಲಿ ಸ್ಟಾಕ್‌ಪೋರ್ಟನ್ನೂ ಮುಟ್ಟಿದವು. ಓಡಿಸುವವರು ಈಗಲೂ ಗುತ್ತಿಗೆಯ ಕಂಪನಿಗಳೇ. ಮಾರ್ಗ, ವೇಳೆ, ದರಗಳನ್ನು ಗೊತ್ತುಮಾಡುವುದು ಪ್ರಾಧಿಕಾರ.

ಕಳೆದ ಬೇಸಗೆಯಲ್ಲಿ ಪುನಃ ಹೋಗಿದ್ದೆ. ಮಗಳ ಬಸ್ಸು ಮರಳಿದೆ, ಆದರೆ ಹೊರಡುವುದು ಒಂಬತ್ತೂಕಾಲಕ್ಕೆ. ಅವಳ ಪಾಳಿ ಮುಗಿಯುವುದು ಒಂಬತ್ತಕ್ಕೆ. ಓಡಿ ಹಿಡಿಯಬೇಕು. "ಆದರೂ ಅಪ್ಪಾ, ಈಗ ಬೈಯಲು ಒಬ್ಬರಿದ್ದಾರೆ" ಎಂದಳು. ನನ್ನ ಇಡೀ ಪೌರನೀತಿ ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯವಿರಲಿಲ್ಲ. 2020ರ ಡಿಸೆಂಬರಿನಲ್ಲಿ ಅಲ್ಲಿನ ಪೊಲೀಸರು ಒಂದು ವರ್ಷದಲ್ಲಿ ಸುಮಾರು 80,000 ಅಪರಾಧಗಳನ್ನು ದಾಖಲಿಸಿಕೊಂಡೇ ಇಲ್ಲವೆಂದು ತನಿಖಾ ಸಂಸ್ಥೆ ಹೇಳಿದಾಗಲೂ ಜನ ಮೇಯರರನ್ನೇ ಪ್ರಶ್ನಿಸಿದರು. ಮುಖ್ಯ ಅಧಿಕಾರಿ ಹುದ್ದೆ ತೊರೆದರು.

ಆದರೂ ನನ್ನ ಅಳುಕು ಪೂರ್ತಿ ಹೋಗಿಲ್ಲ. 2020ರ ಅಕ್ಟೋಬರಿನಲ್ಲಿ ಕೋವಿಡ್ ನಿರ್ಬಂಧಗಳ ಪರಿಹಾರಕ್ಕೆ ಮೇಯರ್ 6.5 ಕೋಟಿ ಪೌಂಡ್ ಕೇಳಿದರು, ಲಂಡನ್ 6 ಕೋಟಿಯ ಮೇಲೆ ಏರಲಿಲ್ಲ. ಮಾತುಕತೆ ಮುರಿದು ನಿರ್ಬಂಧ ಹೇಗೂ ಬಂತು. ತಡೆಯುವ ಅಧಿಕಾರ ಅವರಿಗಿರಲಿಲ್ಲ, ದನಿ ಮಾತ್ರ ಇತ್ತು. ಅಷ್ಟಕ್ಕೇ ಪತ್ರಿಕೆಗಳು ‘ಉತ್ತರದ ರಾಜ’ ಎಂದು ಪಟ್ಟಕಟ್ಟಿದವು. ಕಟೌಟುಗಳಿಗೆ ಹಾಲೆರೆಯುವ ನಾಡಿನವನಾದ ನನಗೆ ಇಂಥ ಪಟ್ಟಗಳ ಭಯ ಹೆಚ್ಚು. ಅಲ್ಲಿ ಹತ್ತು ಪುರಸಭೆಗಳ ನಾಯಕರು ಮೇಯರ್ ಜೊತೆ ಕುಳಿತಿರುತ್ತಾರೆ. ಮೂರನೆಯ ಎರಡರಷ್ಟು ಮಂದಿ ಸೇರಿದರೆ ಅವರ ಆಯವ್ಯಯವನ್ನೇ ತಿದ್ದಬಹುದು. ಭೂಬಳಕೆಯ ಪ್ರಾಂತೀಯ ಯೋಜನೆಯನ್ನು 2020ರಲ್ಲಿ ಸ್ಟಾಕ್‌ಪೋರ್ಟ್ ಒಂದೇ ಒಪ್ಪದೆ ಹೊರನಡೆಯಿತು. ಉಳಿದ ಒಂಬತ್ತು ಸೇರಿ ಬೇರೆ ಯೋಜನೆಯನ್ನು 2024ರಲ್ಲಿ ಅಂಗೀಕರಿಸಬೇಕಾಯಿತು. ಕೆಲಸ ನಿಧಾನವಾಯಿತೆಂದು ಅಳಿಯಂದಿರಿಗೆ ಬೇಸರ. ನನಗಂತೂ ಆ ನಿಧಾನವೇ ಹಿತವೆನಿಸಿತು. ಆದರೆ ಲಂಡನ್ನಿನಲ್ಲಿ 2000ದಿಂದ ಇರುವಂತೆ ಮೇಯರರನ್ನು ಪ್ರಶ್ನಿಸಲೆಂದೇ ಜನ ಆರಿಸಿದ ಸಭೆ ಮ್ಯಾಂಚೆಸ್ಟರಿನಲ್ಲಿಲ್ಲ. ಅದು ಕೊರತೆಯೇ.

ಇನ್ನು ನಮ್ಮ ಬೆಂಗಳೂರು. ಅಲ್ಲಿ ದಶಕಗಳ ಕಾಲ ಮೇಯರ್ ಅವಧಿ ಒಂದೇ ವರ್ಷ, ಆರಿಸುವವರು ಜನರಲ್ಲ, ಕಡತಕ್ಕೆ ಸಹಿ ಹಾಕುವವರು ಆಯುಕ್ತರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯದೆ, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಐದಕ್ಕೂ ಮೇಲಿನ ಪ್ರಾಧಿಕಾರದ ಅಧ್ಯಕ್ಷತೆಯನ್ನು ಕಾನೂನು ಮುಖ್ಯಮಂತ್ರಿಗಳಿಗೆ ಕೊಟ್ಟಿದೆ. ಬೀದರಿನಿಂದ ಚಾಮರಾಜನಗರದವರೆಗಿನ ಹೊಣೆ ಹೊತ್ತವರು ಒಂದು ಬಡಾವಣೆಯ ರಾತ್ರಿ ಬಸ್ಸಿಗೆ ಉತ್ತರ ಹೇಳಬಲ್ಲರೆ? ಆ ಕುರ್ಚಿಗೆ ಜನರೇ ಒಬ್ಬರನ್ನು ಆರಿಸಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಬಸ್ಸು, ನೀರು, ನಗರ ಯೋಜನೆ ಅವರ ಕೈಗೆ ಬರದಿದ್ದರೆ ಈ ಖರ್ಚು ಬೇಡ. ಅವರನ್ನು ತಡೆಯಬಲ್ಲ ಸಭೆಯಿಲ್ಲದಿದ್ದರೂ ಬೇಡ.

ಒಂದು ಸಂಗತಿ ಹೇಳಲು ಮರೆತೆ. ನನ್ನ ಮಗಳ ಬಳಿ ಇರುವುದು ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವಳಾಗಿ ಅಲ್ಲಿ ನೆಲೆಸಿರುವುದರಿಂದ 2021ರಲ್ಲಿಯೂ 2024ರಲ್ಲಿಯೂ ಮ್ಯಾಂಚೆಸ್ಟರ್ ಮೇಯರ್ ಚುನಾವಣೆಗೆ ಮತ ಹಾಕಿದಳು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಗೆ ಈ ಅರವತ್ತು ವರ್ಷಗಳಲ್ಲಿ ಆ ಅವಕಾಶ ಒಮ್ಮೆಯೂ ಸಿಕ್ಕಿಲ್ಲ.

ಭಿನ್ನಾಭಿಪ್ರಾಯವಿದ್ದವರು ಅಗತ್ಯವಾಗಿ ಬರೆಯಿರಿ. ಮುಂದಿನ ವಾರ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿರುವುದರಿಂದ ಉತ್ತರ ತುಸು ತಡವಾದೀತು.