ಮನೆಯ ಕೇಕಿಗೆ ಬೆಲೆ ಕಟ್ಟುವುದು ಹೇಗೆ?



ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಒಂದನ್ನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ಬರೆದವರು ತಾಲ್ಲೂಕು ಕೇಂದ್ರವೊಂದರ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆಂದು ಕೇಕು ಮಾಡುವುದನ್ನು ಕಲಿತರಂತೆ. ಈಗ ಅವರ ಬೀದಿಯಲ್ಲಿ ಯಾರ ಮನೆಯ ಮಗುವಿನ ಹುಟ್ಟುಹಬ್ಬವಾದರೂ ಕೇಕು ಇವರ ಮನೆಯಿಂದಲೇ ಹೋಗಬೇಕು. "ನಿಮ್ಮ ಕೈರುಚಿ ಬೇಕರಿಯವರಿಗೆ ಬರಲ್ಲ ಬಿಡಿ" ಅಂತ ಎಲ್ಲರೂ ಹೊಗಳುತ್ತಾರೆ. ತಟ್ಟೆ ವಾಪಸು ಕೊಡುವಾಗ ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಾರೆ. ಹೋದ ತಿಂಗಳು ಮೂರು ಕೇಕು ಹೀಗೇ ಹೋದವು. ಅಂಗಡಿಯ ಚೀಟಿ ನೋಡಿದ ಯಜಮಾನರು "ಇಷ್ಟೊಂದು ಮೈದಾ, ಬೆಣ್ಣೆ ಯಾಕೆ ಬೇಕಾಯ್ತು?" ಎಂದು ಕೇಳಿದರಂತೆ. "ದುಡ್ಡು ಕೇಳೋಣ ಅಂದ್ರೆ ಬಾಯೇ ಬರಲ್ಲ. ಕೇಳದೇ ಇದ್ರೆ ಇನ್ನು ನಡೆಯೋದೂ ಇಲ್ಲ. ಏನು ಮಾಡಲಿ ಅಕ್ಕಾ?" ಎನ್ನುವುದು ಅವರ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದಲ್ಲ. ಚಕ್ಕುಲಿ ಮಾಡುವವರು, ಹಪ್ಪಳ ಒತ್ತುವವರು, ರವಿಕೆಗೆ ಕಸೂತಿ ಹಾಕುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ. ಕೆಲಸ ಚೆನ್ನಾಗಿ ಬರುತ್ತದೆ, ಬೇಕು ಅನ್ನುವವರೂ ಇದ್ದಾರೆ, ದುಡ್ಡಿನ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೆ ತೋರುವುದೇನೆಂದರೆ, ಇದು ಪೂರ್ತಿ ಸಂಕೋಚವಲ್ಲ. ಅರ್ಧಕ್ಕರ್ಧ ನಮಗೇ ಲೆಕ್ಕ ಗೊತ್ತಿರುವುದಿಲ್ಲ. ಒಂದು ಕೇಕಿಗೆ ನಿಜವಾಗಿ ಎಷ್ಟು ಬಿತ್ತು ಎಂದು ಗೊತ್ತಿಲ್ಲದವಳು ಇಷ್ಟು ಕೊಡಿ ಎಂದು ಗಟ್ಟಿಯಾಗಿ ಹೇಗೆ ಹೇಳಿಯಾಳು? ಆದ್ದರಿಂದ ಮೊದಲು ಒಂದು ನೋಟ್‌ಬುಕ್ಕು, ಪೆನ್ನು ತೆಗೆದುಕೊಂಡು ಕೂತುಕೊಳ್ಳಿ.

ಮೊಟ್ಟೆ ಹಾಕದ, ಮೊಸರಿನಲ್ಲಿ ಮಾಡುವ ಟೂಟಿ ಫ್ರೂಟಿ ಕೇಕನ್ನೇ ಲೆಕ್ಕಕ್ಕೆ ಹಿಡಿಯೋಣ. (ಮಾಡುವ ವಿಧಾನವನ್ನು ಕೊನೆಯಲ್ಲಿ ಕೊಟ್ಟಿದ್ದೇನೆ.) ಇಲ್ಲಿ ಹಾಕಿರುವ ದರ ಲೆಕ್ಕದ ದಾರಿ ತಿಳಿಯಲೆಂದು ಅಷ್ಟೇ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ. ಮೈದಾ 200 ಗ್ರಾಂಗೆ 10 ರೂಪಾಯಿ, ಸಕ್ಕರೆ 150 ಗ್ರಾಂಗೆ 7, ಮೊಸರು ಕಾಲು ಕಿಲೋಗೆ 15, ಎಣ್ಣೆಗೆ 17, ಟೂಟಿ ಫ್ರೂಟಿಗೆ 15, ಸೋಡ, ಬೇಕಿಂಗ್ ಪೌಡರ್, ಎಸೆನ್ಸು ಸೇರಿ 6. ಸಾಮಾನಿಗೇ 70 ಆಯಿತು. ರಟ್ಟಿನ ಡಬ್ಬ, ಅಡಿಯಲ್ಲಿಡುವ ಹಲಗೆ, ಬೆಣ್ಣೆ ಕಾಗದ ಇವಕ್ಕೆ 25. ಕರೆಂಟಿಗೆ 10. ಅಲ್ಲಿಗೆ 105 ರೂಪಾಯಿ.

ಕರೆಂಟು ಅಂದ ಕೂಡಲೇ "ಗೃಹಜ್ಯೋತಿ ಇದೆಯಲ್ಲ, ಅದಕ್ಕೇನು ಲೆಕ್ಕ?" ಅನ್ನುವವರಿದ್ದಾರೆ. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಒಂದು ಮಿತಿ ಹಾಕಿದ್ದಾರೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿತೋ ಪೂರ್ತಿ ಬಿಲ್ಲು ಬರುತ್ತದೆ. 1500 ವ್ಯಾಟಿನ ಓವನ್ ಎಡೆಬಿಡದೆ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್. ನಡುನಡುವೆ ತಾನಾಗಿ ಆರಿ ಹತ್ತಿಕೊಳ್ಳುವುದರಿಂದ ಸ್ವಲ್ಪ ಕಡಿಮೆ ಆಗಬಹುದು. ತಿಂಗಳಿಗೆ ಇಪ್ಪತ್ತು ಕೇಕು ಮಾಡಿದರೆ ಇಪ್ಪತ್ತರಿಂದ ಮೂವತ್ತು ಯೂನಿಟ್ ಹೆಚ್ಚಿಗೆ ಆಯಿತು. ಪುಕ್ಕಟೆ ಅಂತ ಬರೆಯದೆ ಬಿಟ್ಟರೆ ಆಮೇಲೆ ಮನೆಯಲ್ಲಿ ಮಾತು ಕೇಳಬೇಕಾದವರು ನೀವೇ. ಇನ್ನು ಗ್ಯಾಸಿನ ಒಲೆಯ ಮೇಲೆ ಹಳೇ ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಬೇಯಿಸುವವರು ನಮ್ಮಲ್ಲಿ ಬಹಳ. ಮನೆಯವರಿಗೆ ಮಾಡುವಾಗ ಅದು ಚೆನ್ನ. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಉಪಯೋಗಿಸಲು ಮಾತ್ರ ನಿಯಮದಲ್ಲಿ ಅವಕಾಶವಿಲ್ಲ ಎನ್ನುವುದು ನೆನಪಿರಲಿ.

ಸರಿ, 105 ರೂಪಾಯಿಗೆ ಬಂದು ನಿಂತೆವು. ನಮ್ಮವರಲ್ಲಿ ಬಹಳ ಜನ ಇಲ್ಲಿಗೇ ಗೆರೆ ಎಳೆದು, "ನೂರೈವತ್ತು ಕೊಡಿ ಸಾಕು" ಎಂದುಬಿಡುತ್ತಾರೆ. ಲಾಭ 45 ರೂಪಾಯಿ ಎಂದುಕೊಳ್ಳುತ್ತಾರೆ. ಅದು ಲಾಭವಲ್ಲ ಕಣ್ರೀ. ಹಿಟ್ಟು ಜರಡಿ ಹಿಡಿದು, ಕಲಸಿ, ಬೇಯಿಸಿ, ಆರಿಸಿ, ಡಬ್ಬಕ್ಕೆ ಹಾಕಿ, ಜಿಡ್ಡಿನ ಪಾತ್ರೆಯನ್ನೆಲ್ಲ ತೊಳೆದಿಡುವ ಹೊತ್ತಿಗೆ ಎರಡು ಗಂಟೆ ನಿಮ್ಮ ಮೈ ದುಡಿದಿರುತ್ತದೆ. ಆ ಎರಡು ಗಂಟೆಗೆ ನಿಮ್ಮ ಕೈಗೆ ಸಿಕ್ಕಿದ್ದು 45 ರೂಪಾಯಿ. ರವಿಕೆ ಹೊಲಿಸುವಾಗ ಬಟ್ಟೆ ನಾವೇ ಕೊಟ್ಟರೂ ಹೊಲಿಗೆಯ ಕೂಲಿ ಬೇರೆ ಕೊಡುತ್ತೇವಲ್ಲವೇ? "ಮನೇಲಿ ಕೂತು ಹೊಲಿಯೋದು ತಾನೇ" ಅಂತ ಬಿಟ್ಟುಬಿಡುವುದಿಲ್ಲ. ಗಂಟೆಗೆ 60 ರೂಪಾಯಿ ಅಂತ ಹಿಡಿದರೂ 120 ಆಯಿತು. ಅಲ್ಲಿಗೆ 225. ಹತ್ತರಲ್ಲಿ ಒಂದು ಕೇಕು ನಡುವೆ ಕುಸಿಯುತ್ತದೆ, ಕರೆಂಟು ಹೋಗಿ ಒಂದು ಹಾಳಾಗುತ್ತದೆ, ಅಚ್ಚಿನ ಪಾತ್ರೆ ಸವೆಯುತ್ತದೆ. ಅದಕ್ಕೆಂದು ಇಪ್ಪತ್ತೈದು ಸೇರಿಸಿ. 250 ರೂಪಾಯಿ ಎಂದು ಬರೆದು, ಗೋಡೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿಕೊಳ್ಳಿ. ಯಾರಾದರೂ ಕೇಳಿದಾಗ ತಡವರಿಸಬಾರದು.

"ಅಯ್ಯಂಗಾರ್ ಬೇಕರೀಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತಲ್ಲ" ಎಂಬ ಮಾತು ಬಂದೇ ಬರುತ್ತದೆ. ಸಿಗಲಿ. ಹಾಸನದ ಕಡೆಯ ಹಳ್ಳಿಗಳಿಂದ ಹೊರಟ ಕುಟುಂಬಗಳು ಊರೂರಿಗೆ ಹರಡಿದ ಬೇಕರಿಗಳು ಅವು. ಅವರು ಮೈದಾ ಮೂಟೆಗಟ್ಟಲೆ ತರುತ್ತಾರೆ, ಒಂದೇ ಬಿಸಿಗೆ ಟ್ರೇ ಟ್ರೇ ಬೇಯಿಸುತ್ತಾರೆ. ಒಂದು ಸಣ್ಣ ಓವನ್ ಇಟ್ಟುಕೊಂಡು ಅವರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯುವುದು ಬುದ್ಧಿವಂತಿಕೆಯಲ್ಲ. ಅವರು ಮಾಡದ್ದನ್ನು ನೀವು ಮಾಡಿ. ರಾಗಿ ಹಿಟ್ಟು ಬೆಲ್ಲದ ಕೇಕು, ಬಾಳೆಹಣ್ಣಿನ ಕೇಕು, ಸಕ್ಕರೆ ಕಡಿಮೆ ಬೇಕೆನ್ನುವವರಿಗೆ ಬೇರೆ ಕೇಕು, ನಾಳೆ ಬೆಳಿಗ್ಗೆ ಬೇಕು ಅಂದವರಿಗೆ ಇವತ್ತು ರಾತ್ರಿ ಮಾಡಿದ ತಾಜಾ ಕೇಕು. ಹಾಗೆ ಕೇಳಿಕೊಂಡು ಬರುವವರು ಬೆಲೆ ನೋಡಿ ಹಿಂದೆ ಹೋಗುವುದಿಲ್ಲ. ಬೆಲೆ ನೋಡಿ ಹಿಂದೆ ಹೋದವರು ಮೊದಲಿಂದಲೂ ನಿಮ್ಮ ಗಿರಾಕಿಗಳಲ್ಲ.

ಈಗ ನೆಂಟರ ವಿಷಯ. ಇದೇ ಎಲ್ಲಕ್ಕಿಂತ ಕಷ್ಟದ್ದು. ಓರಗಿತ್ತಿ ಫೋನ್ ಮಾಡಿ "ನಮ್ಮ ಪುಟ್ಟಂಗೆ ಒಂದು ಕೇಕು ಮಾಡಿಕೊಡೇ" ಎಂದಾಗ ರೇಟು ಹೇಳುವುದು ಹೇಗೆ? ನನ್ನ ಅಭಿಪ್ರಾಯ ಇಷ್ಟೇ: ಒಂದೋ ಉಡುಗೊರೆಯಾಗಿ ಕೊಡಿ, ಇಲ್ಲವೇ ಪೂರ್ತಿ ಬೆಲೆ ತೆಗೆದುಕೊಳ್ಳಿ. ಅರ್ಧ ಬೆಲೆ ಎನ್ನುವುದು ಬೇಡವೇ ಬೇಡ. ಅರ್ಧ ಬೆಲೆಗೆ ಕೊಟ್ಟರೆ ಅವರಿಗೆ ದುಡ್ಡು ತಗೊಂಡಳು ಅಂತ ಇರುತ್ತದೆ, ನಿಮಗೆ ನಷ್ಟವಾಯಿತು ಅಂತ ಇರುತ್ತದೆ. ಆ ರೇಟು ಮಾತ್ರ ಊರೆಲ್ಲ ಸುತ್ತಿ ಬಂದು ಮುಂದಿನವರೂ ಅದನ್ನೇ ಕೇಳುತ್ತಾರೆ. ವರ್ಷಕ್ಕೆ ಯಾರ ಯಾರ ಮನೆಗೆ ಉಡುಗೊರೆ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಅತ್ತೆ ಮಾವ, ತವರಿನವರು, ತೀರಾ ಹತ್ತಿರದ ನಾಲ್ಕು ಮಕ್ಕಳು. ಅವರಿಗೆ ಸಂತೋಷವಾಗಿ ಮಾಡಿಕೊಡಿ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಡುಗೊರೆ ಎಂದು ಬರೆದಿಡಿ. ಉಳಿದವರಿಗೆ ನಗುನಗುತ್ತಲೇ, "ಈಗ ಆರ್ಡರ್ ಮೇಲೆ ಮಾಡ್ತಿದೀನಿ ಅತ್ತಿಗೆ, ಈ ಕೇಕಿಗೆ ಇನ್ನೂರೈವತ್ತು ತಗೋತೀನಿ, ಯಾವತ್ತಿಗೆ ಬೇಕು?" ಎಂದುಬಿಡಿ. ರೇಟು ಹೇಳಿದ ಕೂಡಲೇ ದಿನ ಕೇಳಿಬಿಡಬೇಕು. ನಡುವೆ ನಾವು ಸುಮ್ಮನಾದರೆ ಅವರು ಚೌಕಾಶಿಗೆ ಇಳಿಯುತ್ತಾರೆ.

"ನೆರೆಹೊರೆಯವರ ಹತ್ರ ದುಡ್ಡು ಇಸ್ಕೊಂಡ್ರೆ ಮನೆ ಮರ್ಯಾದೆ ಏನಾಗಬೇಕು?" ಎನ್ನುವ ಮನೆಗಳು ಇವತ್ತಿಗೂ ಇವೆ. ಅಂಥವರಿಗೆ ಲಿಜ್ಜತ್ ಹಪ್ಪಳದ ಕಥೆ ಹೇಳಿ. 1959ರಲ್ಲಿ ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಒತ್ತತೊಡಗಿದರು. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರ ಮನೆಗಳ ಮರ್ಯಾದೆ ಎಲ್ಲಿಗೆ ಹೋಯಿತು, ನೀವೇ ಹೇಳಿ.

ಆರ್ಡರ್ ತೆಗೆದುಕೊಳ್ಳುವಾಗ ಬಾಯಿಮಾತಿನಲ್ಲಿ ಬಿಡಬೇಡಿ. ಅದೇ ನೋಟ್‌ಬುಕ್ಕಿನಲ್ಲಿ ದಿನ, ಗಂಟೆ, ತೂಕ, ಮೊಟ್ಟೆ ಹಾಕಬಹುದೋ ಬೇಡವೋ, ಗೋಡಂಬಿ ಬಾದಾಮಿ ಯಾರಿಗಾದರೂ ಆಗುವುದಿಲ್ಲವೋ ಎಲ್ಲ ಬರೆದುಕೊಳ್ಳಿ. ಮಗುವಿನ ಹೆಸರಿನ ಅಕ್ಷರಗಳನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಈಗಿನ ಮಕ್ಕಳ ಹೆಸರುಗಳೋ, ಒಂದೊಂದು ಮನೆಯಲ್ಲಿ ಒಂದೊಂದು ಥರ ಬರೆಯುತ್ತಾರೆ! ಅರ್ಧ ಹಣ ಮುಂಗಡ ಬಂದ ಮೇಲೆಯೇ ಸಾಮಾನು ತನ್ನಿ. ಈಗ ಫೋನಿನಲ್ಲೇ ಹಣ ಹಾಕುವುದರಿಂದ "ಚಿಲ್ಲರೆ ಇಲ್ಲ, ಆಮೇಲೆ ಕೊಡ್ತೀನಿ" ಎನ್ನುವ ಸಬೂಬು ನಡೆಯುವುದಿಲ್ಲ. ಆದರೆ ಆ ಹಣ ಯಾರ ಖಾತೆಗೆ ಹೋಗುತ್ತಿದೆ, ನೋಡಿಕೊಳ್ಳಿ. ಯಜಮಾನರ ಫೋನಿಗೆ ಹೋದರೆ ಅದು ಮನೆಖರ್ಚಿನಲ್ಲಿ ಕರಗಿಹೋಗುತ್ತದೆ, ತಿಂಗಳ ಕೊನೆಗೆ "ಏನು ಗಳಿಸಿದೆ?" ಅಂದರೆ ತೋರಿಸಲು ಏನೂ ಇರುವುದಿಲ್ಲ. ನಿಮ್ಮ ಹೆಸರಿನಲ್ಲೇ ಒಂದು ಉಳಿತಾಯ ಖಾತೆ ಇರಲಿ. ಸಾಮಾನಿನ ದುಡ್ಡು ಅದರಿಂದಲೇ ಹೋಗಲಿ, ಕೂಲಿಯೂ ಅದಕ್ಕೇ ಬರಲಿ.

ಮೊಟ್ಟೆಯ ವಿಚಾರದಲ್ಲಿ ಒಂದು ಕಟ್ಟುನಿಟ್ಟು ಬೇಕು. ನಮ್ಮ ಸಣ್ಣ ಊರುಗಳಲ್ಲಿ ಮೊಟ್ಟೆ ಮುಟ್ಟದ ಮನೆಗಳು ಬಹಳ. ಎರಡೂ ಬಗೆ ಮಾಡುವುದಾದರೆ ಪಾತ್ರೆ, ಬೀಟರು, ಅಚ್ಚು ಬೇರೆ ಬೇರೆ ಇಡಿ. ಅದು ಆಗದಿದ್ದರೆ ಒಂದೇ ಬಗೆ ಮಾಡಿ. ಹಾಗೆಯೇ ಕ್ರೀಮಿನ ಕೇಕು ಕಲಿತ ಹೊಸದರಲ್ಲಿ ಎಲ್ಲ ಆರ್ಡರೂ ಒಪ್ಪಿಕೊಳ್ಳಬೇಡಿ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕ್ರೀಮಿನ ಕೇಕನ್ನು ಸ್ಕೂಟರಿನ ಮೇಲೆ ಎರಡು ಬೀದಿ ದಾಟಿಸಿದರೂ ಮೇಲಿನ ಹೂವು ಜಾರುತ್ತದೆ. ಬೇಸಿಗೆಯಲ್ಲಿ ಒಣ ಕೇಕು, ನಾನ್‌ಖಟಾಯಿ, ಬಿಸ್ಕತ್ತು ಸಾಕು. ಬೇಕೇ ಬೇಕು ಅನ್ನುವವರು ಮನೆಗೇ ಬಂದು ತೆಗೆದುಕೊಂಡು ಹೋಗಲಿ.

ಒಂದಿಷ್ಟು ಕಾನೂನಿನ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. 2011ರಲ್ಲಿ ನಿಯಮ ಮಾಡಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವವರನ್ನು ಸಣ್ಣವರೆಂದು ಎಣಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿದ್ದರು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು, ಈಗಿನ ಶುಲ್ಕವನ್ನು ಅಲ್ಲೇ ನೋಡಿಕೊಳ್ಳಿ. ಮಗನೋ ಮಗಳೋ ಪಕ್ಕದಲ್ಲಿ ಕೂತರೆ ಒಂದು ಮಧ್ಯಾಹ್ನದ ಕೆಲಸ. ನೋಂದಣಿಯಾದರೆ 14 ಅಂಕಿಯ ನಂಬರು ಸಿಗುತ್ತದೆ. ಶಾಲೆಯವರು, ಆಫೀಸಿನವರು ದೊಡ್ಡ ಆರ್ಡರು ಕೊಡುವಾಗ ಆ ನಂಬರು ಕೇಳಬಹುದು.

ಕೆಲಸವನ್ನು ಇನ್ನಷ್ಟು ಚೆನ್ನಾಗಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರವಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಯಾವಾಗ ಯಾವ ತರಬೇತಿ ಇದೆ ಎಂದು ವಿಚಾರಿಸಿ. ಮೊದಲೇ ದೊಡ್ಡ ಓವನ್ ಕೊಳ್ಳಲು ಮಾತ್ರ ಹೋಗಬೇಡಿ. ಇದ್ದುದರಲ್ಲೇ ಇಪ್ಪತ್ತು ಆರ್ಡರ್ ಮುಗಿಸಿ, ಖಾತೆಯಲ್ಲಿ ಕೂಲಿ ಎಷ್ಟು ನಿಂತಿದೆ ನೋಡಿ, ಆಮೇಲೆ ಯೋಚಿಸಿ.

ಇನ್ನು ಕೇಕಿನ ವಿಧಾನ. ಲೋಟದ ಅಳತೆ ಬಿಟ್ಟು ತಕ್ಕಡಿ ಇಟ್ಟುಕೊಳ್ಳಿ, ಪ್ರತಿ ಸಲವೂ ಒಂದೇ ಥರ ಬರುತ್ತದೆ.

ಬೇಕಾಗುವುದು: ಮೈದಾ 200 ಗ್ರಾಂ, ಸಕ್ಕರೆ ಪುಡಿ 150 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 250 ಗ್ರಾಂ, ವಾಸನೆಯಿಲ್ಲದ ಎಣ್ಣೆ 110 ಮಿ.ಲೀ., ಬೇಕಿಂಗ್ ಪೌಡರ್ ಒಂದೂಕಾಲು ಚಹಾ ಚಮಚ, ಅಡುಗೆ ಸೋಡ ಅರ್ಧ ಚಹಾ ಚಮಚ, ವೆನಿಲಾ ಎಸೆನ್ಸ್ ಒಂದು ಚಹಾ ಚಮಚ, ಟೂಟಿ ಫ್ರೂಟಿ 75 ಗ್ರಾಂ.

ಓವನನ್ನು 180 ಡಿಗ್ರಿಗೆ ಇಟ್ಟು ಹತ್ತು ನಿಮಿಷ ಮೊದಲೇ ಕಾಯಿಸಿ. ಮೊಸರು ಸಕ್ಕರೆ ಸೇರಿಸಿ ಸಕ್ಕರೆ ಕರಗುವವರೆಗೆ ಕಡೆಯಿರಿ. ಬೇಕಿಂಗ್ ಪೌಡರ್, ಸೋಡ ಹಾಕಿ ಕಲಕಿ ಐದು ನಿಮಿಷ ಬಿಡಿ, ನೊರೆ ಏಳುತ್ತದೆ. ಎಣ್ಣೆ, ಎಸೆನ್ಸ್ ಸೇರಿಸಿ. ಜರಡಿ ಹಿಡಿದ ಮೈದಾವನ್ನು ಮೂರು ಸಲವಾಗಿ ಹಾಕಿ ಗಂಟಿಲ್ಲದಂತೆ ಹಗುರವಾಗಿ ಕಲಸಿ, ಬಹಳ ಹೊತ್ತು ತಿರುಗಿಸಿದರೆ ಕೇಕು ಗಟ್ಟಿಯಾಗುತ್ತದೆ. ಟೂಟಿ ಫ್ರೂಟಿಗೆ ಒಂದು ಚಮಚ ಮೈದಾ ಹೊರಳಿಸಿ ಸೇರಿಸಿದರೆ ತಳಕ್ಕೆ ಇಳಿಯುವುದಿಲ್ಲ. ಎಣ್ಣೆ ಸವರಿ ಕಾಗದ ಹಾಸಿದ ಏಳು ಅಂಗುಲದ ಪಾತ್ರೆಗೆ ಸುರಿದು 35ರಿಂದ 40 ನಿಮಿಷ ಬೇಯಿಸಿ. ನಡುವೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಹತ್ತು ನಿಮಿಷ ಬಿಟ್ಟು ಪಾತ್ರೆಯಿಂದ ಬಿಡಿಸಿ, ಜಾಲರಿಯ ಮೇಲಿಟ್ಟು ಪೂರ್ತಿ ಆರಲು ಬಿಡಿ. ಬಿಸಿಯಿರುವಾಗಲೇ ಡಬ್ಬಕ್ಕೆ ಹಾಕಿದರೆ ಹಬೆ ನೀರಾಗಿ ಬೇಗ ಬೂಸ್ಟು ಹಿಡಿಯುತ್ತದೆ. ಕಲಸಿದ ಹಿಟ್ಟು ಮುಕ್ಕಾಲು ಕಿಲೋಗಿಂತ ಹೆಚ್ಚಿದ್ದರೂ ಬೆಂದ ಮೇಲೆ ಸುಮಾರು 700 ಗ್ರಾಂಗೆ ಇಳಿಯುತ್ತದೆ. ತೂಕದ ಮೇಲೆ ಮಾರುವವರು ಆರಿದ ಮೇಲಿನ ತೂಕವನ್ನೇ ಡಬ್ಬದ ಮೇಲೆ ಬರೆಯಿರಿ, ಮಾಡಿದ ದಿನವನ್ನೂ ಬರೆಯಿರಿ. ಎರಡು ದಿನದೊಳಗೆ ತಿಂದು ಮುಗಿಸಲು ಹೇಳಿ ಕಳುಹಿಸಿ.