ನಮ್ಮನ್ನು ಕೇಳಿದವರಾರು?

ಐರೋಪ್ಯ ಒಕ್ಕೂಟದಲ್ಲಿ ಇರಬೇಕೇ, ಬಿಡಬೇಕೇ ಎಂದು 2016ರ ಜೂನ್ 23ರಂದು ಬ್ರಿಟನ್ನಿನ ಪ್ರಜೆಗಳ ಮತ ಕೇಳಲಾಯಿತು. 2020ರ ಜನವರಿ 31ರಂದು ಆ ದೇಶ ಹೊರಬಂದಿತು. ಸುಂಕದ ಕಾಗದಪತ್ರ ಹೆಚ್ಚಿ ಅಲ್ಲಿನ ಸಣ್ಣ ವರ್ತಕರು ಪೇಚಾಡಿದರು. ಆದರೂ ಅವರನ್ನು ಒಂದು ಮಾತು ಕೇಳಿದ್ದರು. ನಮ್ಮನ್ನು ಕೇಳಿದವರಾರು?

ಅದೇ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನಕ್ಕೆ ಕೈಹಾಕಿತು. ಚಿನ್ನ ಸಮುದ್ರ ದಾಟಿತು. ಕಲ್ಲಿನ ಧೂಳು ಕಾರ್ಮಿಕನ ಎದೆಯಲ್ಲಿ ಉಳಿಯಿತು. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದು. ಧಣಿ ಬದಲಾದ, ದುಡಿಯುವವನನ್ನು ಕೇಳುವ ಪದ್ಧತಿ ಬರಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು.

ಗಣಿಯ ಸಂಬಳವನ್ನು ನಂಬಿದ್ದ ಅಂಗಡಿಗಳಲ್ಲಿ ಸಾಲದ ಪುಸ್ತಕವೊಂದೇ ದಪ್ಪವಾಯಿತು. ಮಾರಿಕುಪ್ಪಂನಿಂದ ಹೊರಟ ರೈಲು ಇಂದಿಗೂ ನಮ್ಮ ಮಕ್ಕಳನ್ನು ಬಂಗಾರಪೇಟೆಯ ಮೇಲೆ ಬೆಂಗಳೂರಿನ ಕೂಲಿಗೆ ಹೊತ್ತೊಯ್ಯುತ್ತದೆ.

ನಾವು ಭಿಕ್ಷೆ ಬೇಡುತ್ತಿಲ್ಲ. ಲೈನುಮನೆಗಳ ಹಕ್ಕು, ಗಣಿ ಜಮೀನಿನ ಗತಿ ಇವನ್ನು ದಿಲ್ಲಿಯ ಕಡತ ತೀರ್ಮಾನಿಸುವ ಮುನ್ನ ಇಲ್ಲಿ ಬಾಳುವವರ ಮತ ಕೇಳಲಿ. ದುಡಿದವನಿಗೆ ಮಾತಿಲ್ಲದ ರಾಷ್ಟ್ರೀಕರಣ ಬರೀ ಬೋರ್ಡಿನ ಬದಲಾವಣೆ!