ಕಾವೇರಿ ಮನೆಗೆ ಬಂದ ಮೇಲೆ

ಮಾನಸಿಕ ಕಾಯಿಲೆಯ ಸುತ್ತ ಹೆಣೆದ ಥ್ರಿಲ್ಲರ್ ನೋಡಿ ಹೊರಬಂದವರ ಬಾಯಲ್ಲಿ ಎರಡು ಮಾತು ಸಾಮಾನ್ಯ. ‘ಕ್ಲೈಮ್ಯಾಕ್ಸ್ ಗೊತ್ತಾಗಲೇ ಇಲ್ಲ ನೋಡು’ ಎಂಬುದು ಒಂದು, ‘ಹುಚ್ಚಿ ಪಾರ್ಟು ಭಾರಿ ಮಾಡ್ಯಾಳ’ ಎಂಬುದು ಇನ್ನೊಂದು. ಮೊದಲನೆಯದು ಕಥೆಯ ಸ್ವಂತಿಕೆಗೆ, ಎರಡನೆಯದು ನಟನೆಗೆ ಕೊಡುವ ಶಹಬ್ಬಾಸ್. ಎರಡೂ ಸಲ್ಲಬೇಕಾದ ಜಾಗಕ್ಕೆ ಸಲ್ಲುತ್ತಿಲ್ಲ.

1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನೇ ನೋಡಿ. ಕಥೆ ತ್ರಿವೇಣಿಯವರ ಕಾದಂಬರಿಯದು. ಅವರು ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಬೇರೆಯವರು ‘ಶುಭಂ’ ಹಾಕುವ ಜಾಗವಿದು. ಪುಟ್ಟಣ್ಣನವರ ಸಿನಿಮಾ ನಿಜಕ್ಕೂ ಬಿಗಿಯಾಗುವುದು ಇಲ್ಲಿಂದ ಮುಂದೆ. ಮನೆಯಲ್ಲಿ ದೆವ್ವವಿಲ್ಲ, ಕೊಲೆಗಾರನಿಲ್ಲ. ಇರುವುದು ಮುಖ ಕೊಟ್ಟು ಮಾತಾಡದ ಗಂಡ, ಅನುಮಾನದಿಂದ ನೋಡುವ ಸುತ್ತಲಿನ ಜನ. ಪ್ರೇಕ್ಷಕರಿಗೆ ಹುಟ್ಟುವ ಭಯ ಆಕೆಯನ್ನು ಕಂಡಲ್ಲ, ಆಕೆಗಾಗಿ.

ಕಾವೇರಿಯಾಗಿ ಕಲ್ಪನಾ ಅವರ ಅಭಿನಯವನ್ನು ಇಲ್ಲಿ ಹತ್ತಿರದಿಂದ ಗಮನಿಸಬೇಕು. ಎಲ್ಲರೂ ನೆನೆಯುವುದು ಕೊನೆಯ ಅಬ್ಬರವನ್ನು. ಅದಕ್ಕಿಂತ ಕಷ್ಟದ ಕೆಲಸ ಆಸ್ಪತ್ರೆಯಿಂದ ಮರಳಿದ ಕಾವೇರಿಯದು. ತಾನು ನೆಟ್ಟಗಿದ್ದೇನೆಂದು ಹೊತ್ತುಹೊತ್ತಿಗೂ ಸಾಬೀತು ಮಾಡಬೇಕಾದ ಹೆಣ್ಣು ಅವಳು. ಜೋರಾಗಿ ನಕ್ಕರೆ ಸಂಶಯ, ಸಿಟ್ಟಾದರೆ ಇನ್ನೂ ಸಂಶಯ, ಸುಮ್ಮನೆ ಕೂತರೂ ಸಂಶಯ. ನಗು ಅರ್ಧಕ್ಕೆ ನಿಲ್ಲುವುದರಲ್ಲಿ, ಮಾತಿಗೆ ಮುಂಚೆ ಎದುರಿನವರ ಮುಖ ಹುಡುಕುವ ಕಣ್ಣಿನಲ್ಲಿ ಆ ಪಾತ್ರ ಬದುಕಿದೆ. ಕೂದಲು ಕೆದರಿಕೊಂಡು ಕಿರುಚುವುದು ಅನೇಕರಿಗೆ ಸಾಧ್ಯ. ಗುಣವಾದವಳ ಅಂಜಿಕೆಯನ್ನು ಹೀಗೆ ತೋರಿಸುವುದು ಕೆಲವರಿಗಷ್ಟೇ ಸಾಧ್ಯ.

ಇದೇ ಕಲ್ಪನಾ 1979ರ ಮೇ ತಿಂಗಳಲ್ಲಿ ಕೊನೆಯುಸಿರೆಳೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಗೋಟೂರಿನಲ್ಲಿ, ಸಂಕೇಶ್ವರದ ಹತ್ತಿರ. ಆಗ ಅವರು ವೃತ್ತಿರಂಗಭೂಮಿಯಲ್ಲಿದ್ದರು. ಆ ಸಾವಿಗೂ ಕಾವೇರಿಯ ಪಾತ್ರಕ್ಕೂ ಗಂಟು ಹಾಕುವ ಮಾತುಗಳು ಇಂದಿಗೂ ನಿಂತಿಲ್ಲ. ಇದು ಅನ್ಯಾಯ. ಅಳೆದು ತೂಗಿ ಕಟ್ಟಿದ ಅಭಿನಯವನ್ನು ಅವರ ಸ್ವಂತ ಸಂಕಟವೆಂದು ಕರೆದರೆ, ಕಲಾವಿದೆಯಿಂದ ಆಕೆಯ ವಿದ್ಯೆಯನ್ನೇ ಕಸಿದಂತೆ.

ಇನ್ನು ಸ್ವಂತಿಕೆಯ ಮಾತು. ಪಿ. ವಾಸು ನಿರ್ದೇಶಿಸಿದ, 2004ರ ‘ಆಪ್ತಮಿತ್ರ’ದ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅಲ್ಲಿ ಮನಸ್ಸು ಕದಡಿದ ನಾಯಕಿ ಗಂಗಾಳ ಪಾತ್ರ ಮಾಡಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಆದರೂ ಗಂಡ ಹೊರಗೆ ಹೋಗಬೇಡ ಎಂದ ಕ್ಷಣದಲ್ಲಿ ಗಂಗಾಳ ಮುಖದೊಳಗಿಂದ, ತಾನೇ ಎಂದು ಆಕೆ ನಂಬಿದ ನರ್ತಕಿ ನಾಗವಲ್ಲಿ ಇಣುಕುವುದು ಕನ್ನಡದಲ್ಲಿ ಆ ಪಾತ್ರ ಮಾಡಿದ ಸೌಂದರ್ಯ ಅವರದೇ ಸೃಷ್ಟಿ. ಇದಕ್ಕೆ ನಮ್ಮ ಕಡೆಯೇ ಒಂದು ಹೋಲಿಕೆಯಿದೆ. ಕಿತ್ತೂರಿನ ಪಕ್ಕದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಶಿಲ್ಪಿ ತಿಪ್ಪೋಜ ಕಡೆದ ದೇವರು ಹೊಸದಲ್ಲ, ಉಳಿಯ ಕೆಲಸ ಅವನದು. ಸಿನಿಮಾಕ್ಕೂ ಈ ಮಾತು ಒಪ್ಪುತ್ತದೆ. ‘ಆಪ್ತಮಿತ್ರ’ದ ಕೊರತೆ ರಿಮೇಕ್ ಆದದ್ದಲ್ಲ. ವೈದ್ಯ ನಾಟಕ ಹೂಡಿ ಒಂದೇ ರಾತ್ರಿಯಲ್ಲಿ ಕಾಯಿಲೆ ಬಿಡಿಸುತ್ತಾನೆ. ಗಂಗಾಳ ಮುಂದಿನ ದಿನಗಳು ಹೇಗಿರುತ್ತವೆಂಬ ಚಿಂತೆ ಆ ಚಿತ್ರಕ್ಕಿಲ್ಲ.

ಚಿಂತೆ ನಮಗಿರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ‘ಗಾಳಿ ಸೋಕೈತಿ’, ‘ಮೈಮ್ಯಾಲೆ ಬಂದೈತಿ’ ಎನ್ನುತ್ತ ತಿಂಗಳುಗಟ್ಟಲೆ ಅಲೆದು, ಕಡೆಗೆ ಧಾರವಾಡದ ಹಾದಿ ಹಿಡಿಯುವ ಮನೆಗಳಿವೆ. ಅಲ್ಲಿ 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್. ಅಲ್ಲಿಂದ ಗುಣವಾಗಿ ಬಂದವರು ದುಡಿಯುತ್ತಾರೆ, ಗುಳಿಗೆ ನುಂಗುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಆದರೂ ‘ಧಾರವಾಡಕ್ಕ ಹೋಗಿ ಬಂದಾಂವ’ ಎಂಬ ಹಣೆಪಟ್ಟಿ ಹೋಗುವುದಿಲ್ಲ. ಅವರಿಗೆ ಹೆಣ್ಣು ಕೊಡುವುದಕ್ಕೆ, ಕೆಲಸ ಕೊಡುವುದಕ್ಕೆ ಜನ ಹಿಂದೆಮುಂದೆ ನೋಡುತ್ತಾರೆ. ತೆರೆಯ ಮೇಲೆ ಹುಚ್ಚು ಎಂದರೆ ಬರೀ ಕೊಲೆ, ಕಿರುಚಾಟ ಎಂದು ತೋರಿಸಿದಷ್ಟೂ ಈ ಹೆದರಿಕೆ ಗಟ್ಟಿಯಾಗುತ್ತದೆ.

ನಮ್ಮ ಜಾತ್ರೆಯ ನಾಟಕಗಳಲ್ಲೂ ಹುಚ್ಚನ ಪಾತ್ರ ಬರುವುದು ನಗಿಸಲಿಕ್ಕೆ. ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವ ಹುಡುಗರು ನಮ್ಮ ಊರುಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಹೊಸ ಕಥೆ ಬೇಕೆಂದರೆ ಅವರು ಕೊರಿಯಾದ ಸಿನಿಮಾ ತಿರುವಿ ಹಾಕಬೇಕಿಲ್ಲ. ಧಾರವಾಡದಿಂದ ಗುಣವಾಗಿ ಬಂದವನೊಬ್ಬ ಊರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಲ್ಲಿಂದ ಕಥೆ ಶುರು ಮಾಡಲಿ. ಅವನ ಪಾತ್ರ ಮಾಡುವ ಹುಡುಗ ಕಿರುಚುವುದನ್ನಲ್ಲ, ಕಟ್ಟೆಯ ಮೇಲಿನ ಜನ ತನ್ನನ್ನು ನೋಡುವಾಗ ಹೇಗೆ ನಡೆಯಬೇಕೆಂಬುದನ್ನು ಕಲಿಯಲಿ. ಪುಟ್ಟಣ್ಣ 1972ರಲ್ಲೇ ತೋರಿಸಿಕೊಟ್ಟ ಆ ಹಾದಿಯಲ್ಲಿ ನಡೆದವರು ಇಂದಿಗೂ ಕಡಿಮೆ.